ಮಾಲ್‌ನ ಮೇಜಿಗೆ ಮಂಚೂರಿ ಬಂದ ದಾರಿ



ಭಾನುವಾರ ಮಧ್ಯಾಹ್ನ ಒಂದು ಗಂಟೆ. ಬೆಂಗಳೂರಿನ ಯಾವುದಾದರೂ ಒಂದು ಮಾಲ್‌ನ ಮೇಲಿನ ಅಂತಸ್ತು ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜತೆಗೆ ಊರಿನಿಂದ ಬಂದ ಅಜ್ಜಿ. ಫುಡ್‌ಕೋರ್ಟಿನಲ್ಲಿ ಐದು ಕುರ್ಚಿ ಒಟ್ಟಿಗೆ ಸಿಗುವುದೇ ಒಂದು ಸಾಹಸ. ಸಿಕ್ಕ ಕುರ್ಚಿಗಳ ಕಾವಲಿಗೆ ಅಜ್ಜಿಯನ್ನು ಕೂರಿಸಿ ಉಳಿದವರು ಕೌಂಟರುಗಳತ್ತ ನಡೆಯುತ್ತಾರೆ. ದೋಸೆಗೊಂದು ಕೌಂಟರು, ಪಿಜ್ಜಾಕ್ಕೊಂದು, ಬಿರಿಯಾನಿಗೊಂದು. ಅವುಗಳ ನಡುವೆ ಕೆಂಪು ಅಕ್ಷರಗಳ ಫಲಕ: ‘ಏಷ್ಯನ್’. ಹಕ್ಕಾ ನೂಡಲ್ಸ್, ಷೆಜ್ವಾನ್ ಫ್ರೈಡ್ ರೈಸ್, ಚಿಲ್ಲಿ ಚಿಕನ್, ಗೋಬಿ ಮಂಚೂರಿ, ಮೋಮೊ, ಥಾಯ್ ಕರಿ ಎಲ್ಲವೂ ಒಂದೇ ಪಟ್ಟಿಯಲ್ಲಿ. ಮಕ್ಕಳು ನಿಲ್ಲುವುದು ಅಲ್ಲಿಯೇ. ಅಜ್ಜಿಗೆ ಏನು ಬೇಕೆಂದು ಕೇಳುವ ಅಗತ್ಯವೂ ಇಲ್ಲ. ಗೋಬಿ ಮಂಚೂರಿ ಅವರಿಗೆ ಹೊಸದಲ್ಲ. ಅದು ಅವರ ಊರಿನ ಬಸ್‌ ನಿಲ್ದಾಣದ ಎದುರಿನ ತಳ್ಳುಗಾಡಿಯಲ್ಲಿಯೂ, ಜಾತ್ರೆಯಲ್ಲಿಯೂ, ಮದುವೆ ಆರತಕ್ಷತೆಯ ಚಾಟ್ಸ್ ಕೌಂಟರಿನಲ್ಲಿಯೂ ಸಿಗುತ್ತದೆ.

ಈ ಮಧ್ಯಾಹ್ನದ ಊಟ ಆ ಮೇಜಿಗೆ ಹೇಗೆ ಬಂತು ಎಂಬುದು ಇಲ್ಲಿ ಹೇಳಬೇಕೆಂದಿರುವ ಸಂಗತಿ. ಮೇಲ್ನೋಟಕ್ಕೆ ಇದು ಹಗುರವಾದ ವಿಷಯ. ಆದರೆ ಬೆನ್ನು ಹತ್ತಿ ಹೋದರೆ ಕಲ್ಕತ್ತದ ಚರ್ಮ ಹದ ಮಾಡುವ ಕೇರಿ, ರಾಜಸ್ತಾನದ ಒಂದು ಬಂಧನ ಶಿಬಿರ, ಕೆನಡಾದ ಅಂಗಡಿಸಾಲುಗಳವರೆಗೂ ಹೋಗಬೇಕಾಗುತ್ತದೆ.

ಮೊದಲಿಗೆ ಆ ಫಲಕದ ಮಾತು. ಏಷ್ಯಾ ಖಂಡ ಪಶ್ಚಿಮದಲ್ಲಿ ಟರ್ಕಿಯಿಂದ ಪೂರ್ವದಲ್ಲಿ ಜಪಾನಿನವರೆಗೆ ಹಬ್ಬಿದೆ. ಹಾಗೆ ನೋಡಿದರೆ ಪಕ್ಕದ ಕೌಂಟರಿನ ಮಸಾಲೆ ದೋಸೆಯೂ ಏಷ್ಯನ್ ಊಟವೇ, ಎದುರಿನ ಬಿರಿಯಾನಿಯೂ ಅಷ್ಟೆ. ಆದರೆ ಮಾಲ್‌ನ ಭೂಗೋಳವೇ ಬೇರೆ. ಅಲ್ಲಿ ಏಷ್ಯ ಶುರುವಾಗುವುದು ನೇಪಾಳದ ಗಡಿಯಿಂದ ಆಚೆಗೆ. ಪಶ್ಚಿಮದ ನಗರಗಳಲ್ಲಿ ಹೋಟೆಲು ಉದ್ಯಮದವರು ತಮಗೆ ದೂರವಾದ ಹತ್ತಾರು ದೇಶಗಳ ಅಡುಗೆಯನ್ನು ಒಂದೇ ಚೀಲಕ್ಕೆ ತುಂಬಿ ಇಟ್ಟ ಹೆಸರು ಅದು. ಆ ಹೆಸರು ಹಾಗೆಯೇ ಏಷ್ಯದಲ್ಲೇ ಇರುವ ನಮ್ಮ ಊರಿಗೂ ಬಂದು ಕೂತಿದೆ.

ಮಾಲ್ ಕೂಡ ಹಾಗೆ ಬಂದದ್ದೇ. ನಾಲ್ಕೂ ಕಡೆ ಮುಚ್ಚಿದ, ತಣ್ಣನೆಯ ಗಾಳಿ ಆಡುವ ಅಂಗಡಿಗಳ ಸಂಕೀರ್ಣದ ಮೂಲ ಮಾದರಿ ಅಮೆರಿಕದ ಮಿನೆಸೋಟ ರಾಜ್ಯದ ಇಡೈನಾ ಎಂಬಲ್ಲಿ 1956ರಲ್ಲಿ ತೆರೆದ ‘ಸೌತ್‌ಡೇಲ್’. ಅದರ ವಿನ್ಯಾಸ ಮಾಡಿದ ವಿಕ್ಟರ್ ಗ್ರೂಯನ್ ವಿಯೆನ್ನಾ ನಗರದ ಯಹೂದಿ. ನಾಜಿಗಳು ಆಸ್ಟ್ರಿಯವನ್ನು ನುಂಗಿದ 1938ರಲ್ಲಿ ಅಮೆರಿಕಕ್ಕೆ ಓಡಿ ಬಂದವರು. ತಮ್ಮ ಹಳೆಯ ಊರಿನ ಚೌಕದಂತೆ ಜನ ಕಲೆತು ಕೂರುವ ಜಾಗ ಕಟ್ಟಬೇಕೆಂಬುದು ಅವರ ಆಸೆಯಾಗಿತ್ತು. ಬೆಳೆದದ್ದು ಬರೀ ವ್ಯಾಪಾರ. ಕೊನೆಗಾಲದಲ್ಲಿ ಅವರೇ ಈ ಮಾಲ್‌ಗಳ ಪಿತೃತ್ವ ತಮ್ಮದಲ್ಲವೆಂದು ಕೈತೊಳೆದುಕೊಂಡರು. ಬೇರೆ ಬೇರೆ ಅಂಗಡಿಯ ಊಟವನ್ನು ಸಾಮಾನ್ಯ ಮೇಜುಗಳಲ್ಲಿ ತಿನ್ನುವ ಫುಡ್‌ಕೋರ್ಟು ಗೆದ್ದದ್ದು 1974ರಲ್ಲಿ, ನ್ಯೂಜೆರ್ಸಿಯ ಪರಾಮಸ್ ಪಾರ್ಕ್ ಮಾಲ್‌ನಲ್ಲಿ ಎನ್ನುತ್ತಾರೆ. ಭಾರತದಲ್ಲಿ ದೆಹಲಿಯ ಅನ್ಸಲ್ ಪ್ಲಾಜಾ, ಮುಂಬೈಯ ಕ್ರಾಸ್‌ರೋಡ್ಸ್ ಎರಡೂ 1999ರವು. ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ಬಾಗಿಲು ತೆರೆದದ್ದು 2004ರಲ್ಲಿ. ಫುಡ್‌ಕೋರ್ಟು ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲೇ ಏಕಿರುತ್ತದೆ ಎಂದು ಕೇಳುವವರಿದ್ದಾರೆ. ಹಸಿದವನು ಹೇಗೂ ಹತ್ತಿ ಬರುತ್ತಾನೆ. ದಾರಿಯಲ್ಲಿ ಬಟ್ಟೆ, ಚಪ್ಪಲಿ ಅಂಗಡಿಗಳ ಮುಂದೆ ಹಾದು ಬರಲಿ ಎಂಬುದು ಲೆಕ್ಕ.

ಅಮೆರಿಕದ ಮಾಲ್‌ಗೂ ಚೀನೀ ಊಟಕ್ಕೂ ಗಂಟು ಬಿದ್ದದ್ದು 1983ರಲ್ಲಿ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಗ್ಯಾಲರಿಯಾ ಎಂಬ ಮಾಲ್‌ನಲ್ಲಿ ಆ್ಯಂಡ್ರೂ ಚೆರ್ಂಗ್ ಮತ್ತು ಪೆಗಿ ಚೆರ್ಂಗ್ ದಂಪತಿ ‘ಪಾಂಡಾ ಎಕ್ಸ್‌ಪ್ರೆಸ್’ ಕೌಂಟರು ತೆರೆದರು. ಹತ್ತು ವರ್ಷ ಮೊದಲೇ ಪ್ಯಾಸಡೀನಾದಲ್ಲಿ ಆ್ಯಂಡ್ರೂ ಅವರು ಅಡುಗೆ ಬಲ್ಲ ತಂದೆಯ ಜತೆ ಒಂದು ಹೋಟೆಲು ಆರಂಭಿಸಿದ್ದರು. 1987ರಲ್ಲಿ ಆ ಸಂಸ್ಥೆಯ ಬಾಣಸಿಗರು ಕರಿದ ಕೋಳಿಗೆ ಕಿತ್ತಳೆಯ ಸಿಹಿ-ಹುಳಿ ಸವರಿ ಕೊಟ್ಟ ‘ಆರೆಂಜ್ ಚಿಕನ್’ ಇವತ್ತು ಅಮೆರಿಕನ್ನರ ಪಾಲಿಗೆ ಚೀನಾದ ಊಟವೆಂದರೆ ಅದೇ ಎಂಬಂತಾಗಿದೆ.

ಆದರೆ ಈ ಯಶಸ್ಸಿನ ಹಿಂದೆ ನೂರು ವರ್ಷದ ಇನ್ನೊಂದು ಕತೆ ಇದೆ. ರೈಲು ಹಳಿ ಹಾಕಲು, ಗಣಿ ಅಗೆಯಲು ಬಂದಿದ್ದ ಚೀನೀ ಕೂಲಿಗಳ ಮೇಲೆ ದ್ವೇಷ ಹಬ್ಬಿ, 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನೇ ನಿಷೇಧಿಸುವ ಕಾನೂನು ಮಾಡಿತು. ವರ್ತಕರೇ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. 1915ರ ಒಂದು ತೀರ್ಪಿನ ತರುವಾಯ ಹೋಟೆಲು ಮಾಲೀಕರಿಗೂ ವರ್ತಕರ ಸ್ಥಾನ ದೊರೆಯಿತು. ಊರಿಗೆ ಹೋಗಿ ಬರಬೇಕಾದರೆ, ಬಂಧುಗಳನ್ನು ಕರೆಸಿಕೊಳ್ಳಬೇಕಾದರೆ ಹೋಟೆಲು ನಡೆಸುವುದೇ ದಾರಿ ಎಂದಾಯಿತು. ಅಡುಗೆ ಮಾಡಿ ಗೊತ್ತಿಲ್ಲದವರೂ ಹೋಟೆಲಿಟ್ಟರು. ಗಿರಾಕಿಯ ನಾಲಿಗೆಗೆ ಒಗ್ಗುವುದನ್ನು ಬೇಯಿಸಿದರು. ನಿಷೇಧ ಕಾನೂನು ರದ್ದಾದದ್ದು 1943ರಲ್ಲಿ. ಅಷ್ಟು ಹೊತ್ತಿಗೆ ‘ಚಾಪ್ ಸೂಯಿ’ ಅಮೆರಿಕದ ಊಟವಾಗಿ ಹೋಗಿತ್ತು. ಊಟಕ್ಕೆ ಸಿಕ್ಕ ಸ್ವಾಗತ ಉಣಬಡಿಸಿದವರಿಗೆ ಸಿಗಲಿಲ್ಲ. ಅಮೆರಿಕದ ಈ ಮಾತನ್ನು ನೆನಪಿಟ್ಟುಕೊಂಡು ಭಾರತಕ್ಕೆ ಬರೋಣ. ಏಕೆಂದರೆ ಇಲ್ಲಿಯೂ ನಡೆದದ್ದು ಹೆಚ್ಚು ಬೇರೆಯಲ್ಲ.

ಚೀನಾದೊಂದಿಗೆ ನಮ್ಮ ಕೊಡುಕೊಳೆ ಹಳೆಯದು. ಕಾಳಿದಾಸನ ಶಾಕುಂತಲದಲ್ಲಿ ಚೀನಾಂಶುಕದ ಮಾತು ಬರುತ್ತದೆ. ಕೊಚ್ಚಿಯಲ್ಲಿ ಚೀನೀ ಬಲೆ, ಮಲೆಯಾಳಿಗಳ ಅಡುಗೆಮನೆಯಲ್ಲಿ ಬಾಣಲೆಯ ಹೆಸರೇ ಚೀನಚಟ್ಟಿ. ನಮ್ಮ ಮಲೆನಾಡು, ಕರಾವಳಿಯ ಕೆಲವೆಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. (ಸಿಹಿಗುಂಬಳದ ತವರು ಅಮೆರಿಕ ಖಂಡ ಎಂಬುದು ಬೇರೆ ಮಾತು. ಪರದೇಶದಿಂದ ಬಂದದ್ದಕ್ಕೆಲ್ಲ ಚೀನಾದ ಹೆಸರಿಡುವ ರೂಢಿ ಮಂಚೂರಿಗಿಂತ ಹಳೆಯದು ಎಂದಾಯಿತು.)

ಆದರೆ ಚೀನೀಯರು ಒಂದು ಸಮುದಾಯವಾಗಿ ನೆಲೆ ನಿಂತದ್ದು ಕಲ್ಕತ್ತದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, ಟಾಂಗ್ ಅಚ್ಯೂ ಎಂಬ ವ್ಯಾಪಾರಿ ಹೂಗ್ಲಿ ನದಿಯ ದಂಡೆಯಲ್ಲಿ, ಬಜ್‌ಬಜ್ ಹತ್ತಿರ ಜಮೀನು ಪಡೆದು ಕಬ್ಬು ಬೆಳೆದು ಸಕ್ಕರೆ ತೆಗೆಯಲು ಚೀನೀ ಕೂಲಿಗಳನ್ನು ಕರೆತಂದ. ಆ ಜಾಗಕ್ಕೆ ಇಂದಿಗೂ ಅಚಿಪುರ ಎಂದೇ ಹೆಸರು. ಚೀನೀ ಹೊಸ ವರ್ಷದ ಸಮಯದಲ್ಲಿ ಕಲ್ಕತ್ತದ ಚೀನೀ ಕುಟುಂಬಗಳು ಅಲ್ಲಿಗೆ ಹೋಗಿ ಪೂಜೆ ಸಲ್ಲಿಸಿ ಬರುತ್ತವೆ. ಅಚ್ಯೂ ಹೋದ ಮೇಲೆ ಕೂಲಿಗಳು ಕಲ್ಕತ್ತ ಸೇರಿದರು; ಅವರ ಹಿಂದೆ ಇನ್ನಷ್ಟು ಮಂದಿ ಬಂದರು. ಬಂದವರಲ್ಲಿ ಒಂದೊಂದು ಪ್ರಾಂತದವರು ಒಂದೊಂದು ಕಸುಬು ಹಿಡಿದರು. ಕ್ಯಾಂಟನ್ ಕಡೆಯವರು ಬಡಗಿಗಳು, ಹೂಬೇ ಪ್ರಾಂತದವರು ದಂತವೈದ್ಯರು, ಹಕ್ಕಾ ಜನ ಚಪ್ಪಲಿ ಹೊಲೆಯುವವರು, ಚರ್ಮ ಹದ ಮಾಡುವವರು.

ಹಕ್ಕಾ ಎಂದರೆ ನೂಡಲ್ಸಿನ ಒಂದು ಬಗೆ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಅದು ಒಂದು ಜನದ ಹೆಸರು. ಆ ಪದದ ಅರ್ಥ ‘ಅತಿಥಿ ಮನೆತನ’ ಎಂದು. ಶತಮಾನಗಳ ಹಿಂದೆ ಉತ್ತರ ಚೀನಾದಿಂದ ದಕ್ಷಿಣಕ್ಕೆ ವಲಸೆ ಬಂದ ಅವರನ್ನು ದಕ್ಷಿಣದವರು ಹೊರಗಿನವರೆಂದೇ ಕಂಡರು. ಒಳ್ಳೆಯ ಗದ್ದೆಗಳು ಮೊದಲೇ ಹಂಚಿಹೋಗಿದ್ದರಿಂದ ಗುಡ್ಡದ ಸೀಮೆ ಅವರ ಪಾಲಿಗೆ ಬಂತು. ತಮ್ಮ ದೇಶದಲ್ಲೇ ನೆಂಟರಾಗಿ ಉಳಿದ ಈ ಜನ ಕಲ್ಕತ್ತಕ್ಕೆ ಬಂದಾಗ ಅವರಿಗೆ ಸಿಕ್ಕ ಕಸುಬನ್ನು ನೋಡಿ. ಚರ್ಮದ ಕೆಲಸವನ್ನು ಮೇಲ್ಜಾತಿಯ ಹಿಂದೂಗಳು ಮುಟ್ಟುತ್ತಿರಲಿಲ್ಲ. ಹಾಗಾಗಿ ಅಲ್ಲಿ ಬಂಡವಾಳ ಹೂಡಲು ಪೈಪೋಟಿ ಇರಲಿಲ್ಲ. ನಗರದ ಪೂರ್ವದಂಚಿನ ಜೌಗು ನೆಲದಲ್ಲಿ, ಟ್ಯಾಂಗ್ರಾ ಎಂಬಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಕ್ಕಾ ಕುಟುಂಬಗಳ ಹದಗಾರಿಕೆ ಬೆಳೆಯಿತು. ತೊಟ್ಟಿಗಳಲ್ಲಿ ಇಳಿದು ದುಡಿದವರಲ್ಲಿ ಬಹುಮಂದಿ ಬಿಹಾರದಿಂದ ಬಂದ ದಲಿತ ಕೂಲಿಗಳು. ನಮ್ಮ ಜಾತಿಪದ್ಧತಿ ಬಿಟ್ಟುಕೊಟ್ಟ ಜಾಗದಲ್ಲಿ ಒಂದು ಪರದೇಶಿ ಸಮುದಾಯ ಬೇರು ಬಿಟ್ಟ ಕತೆ ಇದು. ಟ್ಯಾಂಗ್ರಾದ ನಾತ ನಗರದವರನ್ನು ದೂರ ಇಟ್ಟಿತು, ಒಳಗಿದ್ದವರನ್ನು ಒಟ್ಟಿಗೆ ಇಟ್ಟಿತು.

ಹಕ್ಕಾ ಮನೆಗಳ ಸ್ವಂತ ಅಡುಗೆ ಎಂದರೆ ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪಿನೊಂದಿಗೆ ಬೇಯಿಸಿದ ಹಂದಿಮಾಂಸ, ಹೂರಣ ತುಂಬಿದ ಸೋಯಾ ಗಿಣ್ಣು, ಬಿಸಿ ಉಪ್ಪಿನಲ್ಲಿ ಹುದುಗಿಸಿ ಬೇಯಿಸಿದ ಕೋಳಿ. ಮಾಲ್‌ನ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಕಾಣದು. ‘ಹಕ್ಕಾ ನೂಡಲ್ಸ್’ ಎಂಬ ಹೆಸರು ಹುಟ್ಟಿದ್ದೇ ಭಾರತದಲ್ಲಿ. ಮನೆಗೆ ಒಂದು ಅಡುಗೆ, ಗಿರಾಕಿಗೆ ಇನ್ನೊಂದು ಎಂಬ ವ್ಯವಸ್ಥೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ ಹೆಚ್ಚಿದವು. ಬಂಗಾಳಿಗಳಿಗೆ, ಮಾರವಾಡಿಗಳಿಗೆ, ಪಂಜಾಬಿಗಳಿಗೆ ಅನ್ನದ ಜತೆ ಕಲಸಿಕೊಳ್ಳಲು ಗಟ್ಟಿ ರಸ ಬಂತು. ಅದನ್ನು ದಪ್ಪ ಮಾಡಿದ್ದು ಜೋಳದ ಹಿಟ್ಟು, ಅಂದರೆ ಈಗ ಎಲ್ಲರ ಬಾಯಲ್ಲಿರುವ ಕಾರ್ನ್‌ಫ್ಲೋರ್. ಟ್ಯಾಂಗ್ರಾದಲ್ಲಿ ಚೀನೀ ಕಾಳಿ ಮಂದಿರವೊಂದಿದೆ. ಅಲ್ಲಿ ದೇವಿಗೆ ನೂಡಲ್ಸೂ ನೈವೇದ್ಯ, ಭಕ್ತರಿಗೆ ಅದೇ ಪ್ರಸಾದ.

ಇನ್ನು ಮಂಚೂರಿ. ಮಂಚೂರಿಯ ಎಂಬುದು ಚೀನಾದ ಈಶಾನ್ಯ ಭಾಗ. 1644ರಿಂದ 1912ರವರೆಗೆ ಚೀನಾವನ್ನು ಆಳಿದ ಕ್ವಿಂಗ್ ದೊರೆಗಳು ಅಲ್ಲಿಂದ ಬಂದ ಮಂಚು ಜನ. ಅಲ್ಲಿಗೆ ಹೋಗಿ ಗೋಬಿ ಮಂಚೂರಿ ಕೇಳಿದರೆ ಯಾರಿಗೂ ಅರ್ಥವಾಗದು. ಕಲ್ಕತ್ತದಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಮುಂಬೈಗೆ ಬಂದು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದಾಗ, 1975ರಲ್ಲಿ, ಪಟ್ಟಿಯಲ್ಲಿ ಇಲ್ಲದ ಏನನ್ನಾದರೂ ಮಾಡಿಕೊಡು ಎಂದು ಗಿರಾಕಿಯೊಬ್ಬರು ಕೇಳಿದರಂತೆ. ವಾಂಗ್ ಅವರೇ ಹೇಳಿಕೊಂಡಿರುವಂತೆ, ಅವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹುರಿದರು. ಅಲ್ಲಿಯವರೆಗೆ ಅದು ಯಾವುದೇ ಭಾರತೀಯ ಅಡುಗೆ. ಮುಂದೆ ಗರಂ ಮಸಾಲೆ ಬೀಳಬೇಕಾದ ಜಾಗದಲ್ಲಿ ಸೋಯಾ ಸಾಸ್ ಬಿತ್ತು. ಕಾರ್ನ್‌ಫ್ಲೋರ್ ಹಾಕಿ ರಸ ಗಟ್ಟಿ ಮಾಡಿ, ಕರಿದ ಕೋಳಿ ತುಂಡುಗಳನ್ನು ಹಾಕಿದರು. ಚಿಕನ್ ಮಂಚೂರಿಯನ್ ಹುಟ್ಟಿತು. 1983ರಲ್ಲಿ ಅವರದೇ ‘ಚೈನಾ ಗಾರ್ಡನ್’ ತೆರೆಯಿತು.

ಮುಂಬೈಯ ದೊಡ್ಡ ಹೋಟೆಲುಗಳಲ್ಲಿ 1970ರ ದಶಕದಲ್ಲಿ ಸಿಚುವಾನ್ ಪ್ರಾಂತದ ಖಾರದ ಅಡುಗೆಯೂ ಬಂತು. ಅದೇ ನಮ್ಮ ಬಾಯಲ್ಲಿ ‘ಷೆಜ್ವಾನ್’ ಆಯಿತು. ಈಗ ಷೆಜ್ವಾನ್ ದೋಸೆಯೂ ಉಂಟು. ಸಿಚುವಾನ್ ಅಡುಗೆಯ ಜೀವಾಳ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳು. ನಮ್ಮ ಷೆಜ್ವಾನ್ ಸಾಸಿನಲ್ಲಿ ಸಾಮಾನ್ಯವಾಗಿ ಅದೊಂದೇ ಇರುವುದಿಲ್ಲ. ಇರುವುದು ಒಣಮೆಣಸಿನಕಾಯಿ ಮತ್ತು ಬೆಳ್ಳುಳ್ಳಿ. ಸ್ವಾರಸ್ಯವೆಂದರೆ ಆ ಕಾಳಿನ ಹತ್ತಿರದ ಸಂಬಂಧಿಯೇ ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತಿರ್ಫಳ. ಸಿಚುವಾನಿನ ನಿಜವಾದ ರುಚಿಯ ಸುಳಿವು ಬೇಕಿದ್ದವರು ಮಾಲ್‌ಗಿಂತ ಕುಮಟೆಯ ಮೀನೂಟದ ಮನೆಗೆ ಹೋಗುವುದು ಒಳ್ಳೆಯದು.

ಕೋಳಿ ಹೋಗಿ ಹೂಕೋಸು ಬಂದದ್ದು ಸಸ್ಯಾಹಾರಿಗಳ ಕೃಪೆ. ಹೂಕೋಸು ಕೂಡ ಪರದೇಶದ್ದೇ. ಬ್ರಿಟಿಷರು 1822ರಲ್ಲಿ ಬೀಜ ತಂದು ಇಲ್ಲಿ ಬೆಳೆಸಿದರು. ಅದಕ್ಕೆ ಹಿಂದಿಯ ಹೆಸರು ಗೋಬಿ. ಹೀಗೆ ಹಿಂದಿಯ ಒಂದು ಪದ, ಚೀನಾದ ಒಂದು ಊರು, ಯುರೋಪಿನ ಒಂದು ತರಕಾರಿ ಕೂಡಿ ಕನ್ನಡನಾಡಿನ ಸಂಜೆಯ ತಿಂಡಿಯಾಯಿತು. ಕರ್ನಾಟಕದಲ್ಲಿ ಅದು ಹಬ್ಬಿದಷ್ಟು ಬೇರೆಡೆ ಹಬ್ಬಿತೋ ಇಲ್ಲವೋ! ಉಡುಪಿ ಮಾದರಿಯ ಹೋಟೆಲುಗಳಲ್ಲಿ ಸಂಜೆಯ ಹೊತ್ತಿಗೆ ಒಂದು ಮೂಲೆಯಲ್ಲಿ ‘ಚೈನೀಸ್’ ಒಲೆ ಹೊತ್ತಿಕೊಂಡಿತು. ತಳ್ಳುಗಾಡಿಯವರು ಮೈದಾ, ಕಾರ್ನ್‌ಫ್ಲೋರ್ ಕಲಸಿ ಕರಿದ ಗೋಬಿಯನ್ನು ಕಬ್ಬಿಣದ ಬಾಣಲೆಯಲ್ಲಿ ಎತ್ತಿ ಎತ್ತಿ ಹಾಕುವ ಸದ್ದು ಕೇಳಿಯೇ ಮಕ್ಕಳು ಬರುವಂತಾಯಿತು. ಮೇಲೆ ಉದುರಿಸಿದ್ದು ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು. ಜತೆಗೆ ಒಂದು ಹಲ್ಲುಕಡ್ಡಿ.

ಅದರ ಕೆಂಪು ಬಣ್ಣ ಸರ್ಕಾರದ ಕಣ್ಣಿಗೂ ಬಿತ್ತು. 2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಪರೀಕ್ಷೆಗೆ ಒಯ್ದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ನಿಷೇಧವಾದದ್ದು ಬಣ್ಣ, ಗೋಬಿ ಅಲ್ಲ. ಆದರೂ ಒಂದೆರಡು ದಿನ ಜನ ಗೋಬಿಯೇ ಹೋಯಿತೆಂದು ಗಾಬರಿಯಾದರು. ಒಂದು ತಿಂಡಿ ಎಷ್ಟು ನಮ್ಮದಾಗಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಡ.

ತಿಂಡಿ ನಮ್ಮದಾಯಿತು. ಅದನ್ನು ಕೊಟ್ಟವರ ಗತಿ ಏನಾಯಿತು? ಈ ಪ್ರಶ್ನೆಗೆ ಉತ್ತರ 1962ರಲ್ಲಿದೆ.

ಆ ವರ್ಷ ಅಕ್ಟೋಬರ್ 20ರಂದು ಚೀನಾದ ಸೇನೆ ಗಡಿ ದಾಟಿ ಬಂತು. ಒಂದು ತಿಂಗಳ ಯುದ್ಧ. ನವೆಂಬರ್ 21ರಂದು ಚೀನಾ ತಾನಾಗಿ ಕದನವಿರಾಮ ಘೋಷಿಸಿತು. ನಮ್ಮ ಸೋಲಿನ ಅವಮಾನ ದೊಡ್ಡದಿತ್ತು. ಅದರ ನಡುವೆ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಗಳು ಚೀನೀ ಮೂಲದವರನ್ನು ವಿಚಾರಣೆಯಿಲ್ಲದೆ ಬಂಧಿಸಿಡಲು ದಾರಿ ಮಾಡಿದವು. ಭಾರತದಲ್ಲೇ ಹುಟ್ಟಿದವರು, ಇಲ್ಲಿನವರನ್ನೇ ಮದುವೆಯಾದವರು, ಚೀನಾವನ್ನು ಕಂಡೇ ಇಲ್ಲದವರು ಎಂಬ ವ್ಯತ್ಯಾಸ ನಡೆಯಲಿಲ್ಲ. ಅಸ್ಸಾಮಿನ ಚಹಾ ಸೀಮೆಯ ಮಾಕುಂ, ಶಿಲ್ಲಾಂಗ್, ಡಾರ್ಜಿಲಿಂಗ್ ಮೊದಲಾದ ಕಡೆಗಳಿಂದ ಸುಮಾರು 3,000 ಮಂದಿಯನ್ನು ಹಿಡಿದು ರೈಲಿಗೆ ತುಂಬಿದರು. ಹಲವು ದಿನಗಳ ಪ್ರಯಾಣ. ಇಳಿದದ್ದು ರಾಜಸ್ತಾನದ ದೇವಲಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಜಯಪ್ರಕಾಶ ನಾರಾಯಣರಂಥ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಊರು ಅದು. ಸ್ವತಂತ್ರ ಭಾರತ ಅಲ್ಲಿ ಹೆಂಗಸರು, ಮುದುಕರು, ಹಸುಗೂಸುಗಳನ್ನು ಕೂಡಿಟ್ಟಿತು.

ಕಲ್ಕತ್ತದಿಂದ ಬಂಧನಕ್ಕೆ ಒಳಗಾದವರು ಕಡಿಮೆ. ಆದರೆ ಅಲ್ಲಿಯೂ ಊರು ಬಿಟ್ಟು ಹೋಗಲು ಅಪ್ಪಣೆ ಬೇಕಿತ್ತು, ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು, ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 1963ರಲ್ಲಿ ಚೀನಾದ ಹಡಗುಗಳು ಮದರಾಸಿಗೆ ಬಂದು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕರೆದೊಯ್ದವು. ಹೋದವರಲ್ಲಿ ಅನೇಕರಿಗೆ ಅದು ಕಾಣದ ದೇಶ. ಉಳಿದವರಲ್ಲಿ ಕೆಲವರು ದೇವಲಿಯಿಂದ ಹೊರಬರುವಷ್ಟರಲ್ಲಿ 1967 ಬಂದಿತ್ತು. ಊರಿಗೆ ಮರಳಿದವರಿಗೆ ಮನೆ, ಅಂಗಡಿ ಹರಾಜಾಗಿದ್ದುದು ತಿಳಿಯಿತು. ಜಾಯ್ ಮಾ ಎಂಬುವರು ಹುಟ್ಟಿದ್ದೇ ಆ ಶಿಬಿರದಲ್ಲಿ. 2020ರಲ್ಲಿ ಅವರು ಮತ್ತು ದಿಲೀಪ್ ಡಿಸೋಜ ಸೇರಿ ‘ದಿ ದೇವಲಿವಾಲಾಸ್’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಅದಕ್ಕೆ ಹತ್ತು ವರ್ಷ ಮೊದಲು ಅಸ್ಸಾಮಿಯಲ್ಲಿ ರೀತಾ ಚೌಧುರಿ ‘ಮಾಕಾಂ’ ಕಾದಂಬರಿ ಬರೆದಿದ್ದರು. ಅಲ್ಲಿಯವರೆಗೆ ಈ ಸಂಗತಿ ನಮ್ಮ ಶಾಲೆಯ ಪಠ್ಯದಲ್ಲಾಗಲಿ ಸಾಮಾನ್ಯರ ಮಾತಿನಲ್ಲಾಗಲಿ ಬಂದದ್ದು ತೀರ ಅಪರೂಪ.

ಇಲ್ಲಿ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ದೇವಲಿಯ ಕೊನೆಯ ಬಂಧಿಗಳು ಹೊರಬಂದದ್ದು 1967; ಚಿಕನ್ ಮಂಚೂರಿಯನ್ ಹುಟ್ಟಿದ್ದು 1975. ನಡುವೆ ಎಂಟು ವರ್ಷ. ಸರ್ಕಾರಿ ನೌಕರಿ ಸಿಗದ, ನಂಬಿಕೆ ಕಳೆದುಕೊಂಡ ಒಂದು ಸಮುದಾಯಕ್ಕೆ ಉಳಿದ ದಾರಿಗಳೆಂದರೆ ಹೋಟೆಲು, ಬ್ಯೂಟಿ ಪಾರ್ಲರ್, ಚಪ್ಪಲಿ ಅಂಗಡಿ, ಇಲ್ಲವೇ ದೇಶ ಬಿಡುವುದು. ಬೇರೆ ಬೇರೆ ಊರುಗಳಲ್ಲಿ ಚೀನೀ ಹೋಟೆಲುಗಳು ಹೆಚ್ಚಿದ್ದು ಆ ದಶಕಗಳಲ್ಲಿ. ಆಮೇಲೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮಾಲಿನ್ಯದ ಕಾರಣಕ್ಕೆ, ಟ್ಯಾಂಗ್ರಾದ ಹದಗಾರಿಕೆಗಳು ನಗರದ ಹೊರಗಿನ ಬಂತಲಕ್ಕೆ ಹೋಗಬೇಕೆಂದು ಆದೇಶಿಸಿತು. ನ್ಯಾಯಾಲಯದ ಕಾರಣ ಸರಿಯಾದದ್ದೇ. ಕೊಳೆತ ನೀರು ಯಾರಿಗೂ ಬೇಡ. ಆದರೆ ಟ್ಯಾಂಗ್ರಾದಲ್ಲಿ ಉಳಿದವರಿಗೆ ಹೋಟೆಲೊಂದೇ ಗಟ್ಟಿ ಕಸುಬಾಯಿತು. ಒಂದು ಕಾಲಕ್ಕೆ ಕಲ್ಕತ್ತದಲ್ಲಿ 20,000ದ ಆಸುಪಾಸಿನಲ್ಲಿದ್ದ ಚೀನೀ ಮೂಲದವರು ಈಗ ಕೆಲವೇ ಸಾವಿರ.

ಮುಖ ನೋಡಿ ದೇಶ ನಿರ್ಧರಿಸುವ ಚಾಳಿ 1962ಕ್ಕೆ ಮುಗಿಯಲಿಲ್ಲ. ಬೆಂಗಳೂರಿನ ಮಾಲ್‌ಗಳ ‘ಏಷ್ಯನ್’ ಕೌಂಟರುಗಳ ಹಿಂದೆ ಬಾಣಲೆ ಹಿಡಿದು ನಿಂತವರಲ್ಲಿ ಚೀನೀ ಮೂಲದವರು ಸಿಗುವುದು ವಿರಳ. ಅಲ್ಲಿ ಇರುವವರು ಬಹುತೇಕ ನೇಪಾಳ, ಡಾರ್ಜಿಲಿಂಗ್, ಅಸ್ಸಾಂ, ಮಣಿಪುರ, ಮಿಜೋರಾಂ ಕಡೆಯ ಹುಡುಗರು. ಮುಖ ಚಹರೆ ಗಿರಾಕಿಯ ಕಲ್ಪನೆಗೆ ಹೊಂದುತ್ತದೆಂಬ ಕಾರಣಕ್ಕೆ ಮಾಲೀಕರು ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುವುದೂ ಉಂಟು. ಅದೇ ಚಹರೆ ಬೀದಿಯಲ್ಲಿ ಬೇರೆ ಕೆಲಸ ಮಾಡುತ್ತದೆ. 2012ರ ಆಗಸ್ಟ್ ಮಧ್ಯದಲ್ಲಿ, ಅಸ್ಸಾಮಿನ ಗಲಭೆಯ ಹಿನ್ನೆಲೆಯಲ್ಲಿ ಮೊಬೈಲ್ ಫೋನುಗಳಲ್ಲಿ ಹಬ್ಬಿದ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಎರಡು ಮೂರು ದಿನಗಳಲ್ಲಿ ಬೆಂಗಳೂರು ಬಿಟ್ಟರು. ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೋಟೆಲುಗಳಲ್ಲಿ, ಕಾವಲಿನ ಕೆಲಸಗಳಲ್ಲಿ ಜನ ಇಲ್ಲವೆಂದಾದಾಗಲೇ ಈ ಊರಿಗೆ ಅವರ ಲೆಕ್ಕ ಸಿಕ್ಕಿದ್ದು.

2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಆ ದುಃಖ, ಸಿಟ್ಟು ಸಹಜವಾದದ್ದು. ಆಗ ಕೇಂದ್ರ ಸಚಿವರೊಬ್ಬರು ಚೀನೀ ಊಟ ಬಹಿಷ್ಕರಿಸಬೇಕು, ಅದನ್ನು ಮಾರುವ ಹೋಟೆಲುಗಳನ್ನು ಮುಚ್ಚಬೇಕು ಎಂದು ಕರೆ ಕೊಟ್ಟರು. ಮುಚ್ಚಿದ್ದರೆ ನಷ್ಟವಾಗುತ್ತಿದ್ದುದು ಯಾರಿಗೆ? ಕೋಲಾರದ ಹೂಕೋಸು ಬೆಳೆಗಾರರಿಗೆ, ದಾವಣಗೆರೆಯ ತಳ್ಳುಗಾಡಿಯವರಿಗೆ. ಚೀನಾಕ್ಕೆ ಅದು ಗೊತ್ತೂ ಆಗುತ್ತಿರಲಿಲ್ಲ. ಆ ಮಾತು ನಗೆಪಾಟಲಾಗಿ ಮುಗಿಯಿತು. ಆದರೆ ಅದೇ ವಾರಗಳಲ್ಲಿ ಕೋಲ್ಕತ್ತದ ಚೀನೀ ಮೂಲದವರು ಭಾರತೀಯ ಸೇನೆಯ ಪರ ಫಲಕ ಹಿಡಿದು ಬೀದಿಗೆ ಬಂದರು. ಹಲವು ತಲೆಮಾರುಗಳಿಂದ ಇಲ್ಲಿರುವವರು ತಾವು ಈ ದೇಶದವರೆಂದು ಫಲಕ ಹಿಡಿದು ತೋರಿಸಬೇಕಾಗಿ ಬಂದದ್ದು ನಗುವ ವಿಷಯವಲ್ಲ.

ದೇಶ ಬಿಟ್ಟವರ ಮಾತು ಉಳಿದಿದೆ. ಅವರಲ್ಲಿ ಬಹಳಷ್ಟು ಮಂದಿ ನೆಲೆಸಿದ್ದು ಕೆನಡಾದ ಟೊರಾಂಟೊ ಸುತ್ತಮುತ್ತ. ಅಲ್ಲಿನ ಸ್ಕಾರ್ಬರೊ, ಮಿಸಿಸಾಗ, ಬ್ರಾಂಪ್ಟನ್‌ಗಳಲ್ಲಿ ರಸ್ತೆ ಬದಿಗೆ ಉದ್ದಕ್ಕೂ ಅಂಗಡಿಗಳಿರುವ, ಮುಂದೆ ಕಾರು ನಿಲ್ಲಿಸುವ ಸಣ್ಣ ಮಾಲ್‌ಗಳಿವೆ. ಅಲ್ಲಿಯವರು ಪ್ಲಾಜಾ ಎನ್ನುತ್ತಾರೆ. ಒಂದು ದಿನಸಿ ಅಂಗಡಿ, ಒಂದು ಬಟ್ಟೆ ಒಗೆಯುವ ಅಂಗಡಿ, ಪಕ್ಕದಲ್ಲಿ ‘ಹಕ್ಕಾ’ ಎಂಬ ಫಲಕದ ಹೋಟೆಲು. ಒಳಗೆ ಹೋದರೆ ಚಿಲ್ಲಿ ಚಿಕನ್, ಚಿಲ್ಲಿ ಪನೀರ್, ಮಂಚೂರಿಯನ್, ಪಕೋಡ. ಮಾಂಸ ಹಲಾಲ್ ಎಂದು ಎಷ್ಟೋ ಕಡೆ ಬಾಗಿಲಲ್ಲೇ ಬರೆದಿರುತ್ತದೆ. ಗಿರಾಕಿಗಳಲ್ಲಿ ಪಂಜಾಬಿಗಳು, ಗುಜರಾತಿಗಳು, ಪಾಕಿಸ್ತಾನದವರು, ಬಾಂಗ್ಲಾದವರು, ಟೊರಾಂಟೊದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ನಮ್ಮ ಕನ್ನಡಿಗರೂ ಇರುತ್ತಾರೆ. ಊರಿನ ನೆನಪಾದಾಗ ಅವರು ಹುಡುಕಿಕೊಂಡು ಹೋಗುವುದು ಈ ಊಟವನ್ನು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಚೀನೀ ಚಹರೆಯ ಹಿರಿಯರು ಕಲ್ಕತ್ತದ ಹಿಂದಿಯಲ್ಲಿ, ಇಲ್ಲವೇ ಬಂಗಾಳಿಯಲ್ಲಿ ಮಾತಾಡಿಸಿದಾಗ ಹೊಸಬರು ಬೆರಗಾಗುತ್ತಾರೆ.

ಆ ಪ್ರದೇಶದಲ್ಲಿ ನೆಲೆಸಿದ ದೇವಲಿಯ ಮಾಜಿ ಬಂಧಿಗಳು ತಮ್ಮದೊಂದು ಸಂಘ ಕಟ್ಟಿಕೊಂಡಿದ್ದಾರೆ. ಅವರು ಬದುಕುತ್ತಿರುವ ಕೆನಡಾ ದೇಶ ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದ ತನ್ನ ಪ್ರಜೆಗಳನ್ನು ಕೂಡಿಟ್ಟದ್ದಕ್ಕೆ 1988ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೋರಿತು. ಚೀನೀ ವಲಸೆಗಾರರ ಮೇಲೆ ಹಿಂದೆ ತಲೆಗಂದಾಯ ಹಾಕಿದ್ದಕ್ಕೆ 2006ರಲ್ಲಿ ಕ್ಷಮೆ ಕೋರಿತು. ಇದನ್ನು ಕಂಡ ಮೇಲೆ ಅವರಿಗೂ ಒಂದು ಮಾತು ಕೇಳಬಹುದೆನ್ನಿಸಿರಬೇಕು. 2017ರ ಆಗಸ್ಟಿನಲ್ಲಿ ಅವರಲ್ಲಿ ಕೆಲವರು ಟೊರಾಂಟೊದಿಂದ ಬಸ್ಸು ಮಾಡಿಕೊಂಡು ರಾಜಧಾನಿ ಒಟ್ಟಾವಾಕ್ಕೆ ಹೋಗಿ, ಭಾರತದ ಹೈಕಮಿಷನ್ ಕಚೇರಿಯ ಮುಂದೆ ಘೋಷಣೆ ಕೂಗದೆ ನಿಂತರು. ಬಹುತೇಕ ಎಲ್ಲರೂ ವಯಸ್ಸಾದವರು. ಬಂಧನದ ಕಾಲಕ್ಕೆ ಮಕ್ಕಳಾಗಿದ್ದವರು. ಅವರ ಕೈಯಲ್ಲಿ ಭಾರತ ಸರ್ಕಾರಕ್ಕೆ ಬರೆದ ಒಂದು ಪತ್ರವಿತ್ತು. ಅದರಲ್ಲಿ ಕೇಳಿದ್ದು ಕ್ಷಮೆಯನ್ನು.